ಕೆಂಪು ಖಾನೆಯ ನೂಡಲ್ಸ್

"ನೂಡಲ್ಸ್ ಯಾವ ಕಡೆ?" ಟೀಚರ್ ಕೇಳಿದರು.

"ಕೆಂಪು ಕಡೆ ಮಿಸ್," ಇಡೀ ಕ್ಲಾಸು ಕೂಗಿತು.

ಗೋಡೆಯ ಚಾರ್ಟಿನಲ್ಲಿ ಹಸಿರು ಖಾನೆ ಅಂದರೆ ಪೌಷ್ಟಿಕ, ಕೆಂಪು ಅಂದರೆ ಜಂಕ್. ಟೀಚರ್ ನೂಡಲ್ಸ್ ಚಿತ್ರವನ್ನು ಚಿಪ್ಸ್ ಪಕ್ಕದಲ್ಲೇ ಅಂಟಿಸಿದರು.

ಚೂಟಿಗೆ ಮೈಯೆಲ್ಲ ಉರಿಯಿತು. ಅವಳ ಅಮ್ಮ ಚೈನೀಸ್ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಮ್ಮನ ಸೀಫುಡ್ ನೂಡಲ್ಸ್‌ಗೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು.

"ಮಿಸ್, ನಮ್ಮಮ್ಮ ಮಾಡೋದು ಜಂಕ್ ಅಲ್ಲ."

"ನೂಡಲ್ಸ್ ಅಂದ್ರೆ ನೂಡಲ್ಸೇ. ಕೂತ್ಕೋ."

"ಜಂಕ್ ಆಂಟಿ," ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು.

ಶಾಲೆ ಬಿಟ್ಟಿದ್ದೇ ತಡ, ಚೂಟಿ ಹೋಟೆಲಿನ ಹಿಂಬಾಗಿಲಿಂದ ಅಡುಗೆಮನೆಗೆ ನುಗ್ಗಿದಳು. ಅಮ್ಮ ಐಸ್ ನೀರಲ್ಲಿ ಕೈ ಅದ್ದಿ ಸೀಗಡಿ ಸುಲಿಯುತ್ತಿದ್ದಳು.

"ತಿಂದೇ ನೋಡದೆ ನಿನ್ನ ಅಡುಗೆಗೆ ಹೆಸರಿಡ್ತಾರಲ್ಲ, ಅದು ಹೇಗೆ?"

ಅಮ್ಮ ಎಲ್ಲ ಕೇಳಿಸಿಕೊಂಡಳು. "ನನ್ನ ಮೇಲೆ ಯಾಕೆ ರೇಗ್ತೀಯ? ತಕ್ಕಡಿ ಅಲ್ಲಿದೆ. ಒಂದು ಪ್ಲೇಟಿಗೆ ಏನೇನು ಬೀಳುತ್ತೆ, ತೂಗಿ ಬರ್ಕೋ."

ಸೀಗಡಿ, ಸ್ಕ್ವಿಡ್ ಸೇರಿ ನೂರು ಗ್ರಾಂ. ಪಾಠದ ಪುಸ್ತಕದ ಪಟ್ಟಿ ನೋಡಿದರೆ ಅಷ್ಟರಲ್ಲೇ ಹತ್ತಿರಹತ್ತಿರ ಇಪ್ಪತ್ತು ಗ್ರಾಂ ಪ್ರೋಟೀನ್. ಒಂದು ಮೊಟ್ಟೆ. ಒಂದು ಹಿಡಿ ಕ್ಯಾರೆಟ್, ಎರಡು ಹಿಡಿ ಸೊಪ್ಪು. ಟೀಚರನ್ನೇ ಬೈಯುವವಳ ಹಾಗೆ ಚೂಟಿ ಪೆನ್ನು ಒತ್ತಿ ಒತ್ತಿ ಬರೆದಳು.

"ಸೋಯಾ ಸಾಸ್ ಎಷ್ಟಮ್ಮ?"

"ದೊಡ್ಡ ಚಮಚದಲ್ಲಿ ಎರಡು."

ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ಲೆಕ್ಕ ಹಾಕಿದಳು. ಉಪ್ಪು ಐದು ಗ್ರಾಂ. ಪುಸ್ತಕದಲ್ಲಿ ಇಡೀ ದಿನಕ್ಕೆ ಅದಕ್ಕಿಂತ ಕಡಿಮೆ ಇರಲಿ ಎಂದಿತ್ತು.

ಪೆನ್ನು ನಿಂತಿತು.

"ದಿನದ ಉಪ್ಪೆಲ್ಲ ಇದೊಂದೇ ಪ್ಲೇಟಲ್ಲಿದೆ. ಇದನ್ನ ಬರೀಲಾ, ಬೇಡ್ವಾ?"

ಅಮ್ಮ ಬಾಟಲಿಯನ್ನು ದೂರ ಹಿಡಿದು ಓದಿದಳು. ಹತ್ತು ವರ್ಷದಿಂದ ಸುರಿಯುತ್ತಿದ್ದಳು, ಓದಿರಲಿಲ್ಲ. ಮುಖ ಸ್ವಲ್ಪ ಸಪ್ಪಗಾಯಿತು.

"ಲೆಕ್ಕ ನಿನ್ನದು," ಎಂದು ಮತ್ತೆ ಸೀಗಡಿಗೆ ಕೈ ಹಾಕಿದಳು.

ಚೂಟಿ ಹಾಳೆಯ ಕೊನೆಗೆ ಉಪ್ಪಿನ ಲೆಕ್ಕವನ್ನೂ ಬರೆದಳು, ಚಿಕ್ಕ ಅಕ್ಷರದಲ್ಲಿ.

ಮರುದಿನ ಚೂಟಿ ಕೊಟ್ಟ ಆ ಹಾಳೆಯನ್ನು ಟೀಚರ್ ಕ್ಲಾಸಿಗೆ ಓದಿ ಹೇಳಿದರು. ಸೊಪ್ಪಿನ ಸಾಲಿಗೆ ಬರುವಷ್ಟರಲ್ಲಿ ದನಿ ಮೆತ್ತಗಾಗಿತ್ತು. "ನಾನು ಕೇಳ್ದೇನೇ ಅಂಟಿಸಿಬಿಟ್ಟೆ, ತಪ್ಪಾಯ್ತು," ಎಂದು ಕೆಂಪು ಖಾನೆಯಿಂದ ಚಿತ್ರ ಕಿತ್ತರು.

ಟೀಚರ್ ಕಣ್ಣು ಕೊನೆಯ ಸಾಲಿಗೆ ಹೋಯಿತು. ಒಮ್ಮೆ ಚೂಟಿಯನ್ನು ನೋಡಿ, ಮೆಲ್ಲನೆ ಹಾಳೆ ಮಡಚತೊಡಗಿದರು.

ಚೂಟಿ ಎದ್ದು ನಿಂತಳು.

"ಇನ್ನೊಂದು ಸಾಲಿದೆ ಮಿಸ್," ಅಂದಳು. "ಅದನ್ನೂ ಓದಿ."