ಮೂವತ್ತು ಗಂಡುಮರಿಗಳು

"ಮೂವತ್ತು ಮೊಟ್ಟೆ! ಮೂವತ್ತೂ ಗಂಡು! ನಾಚಿಕೆ ಆಗಲ್ವಾ ನಿಮಗೆ?"

ಬಾಗಿಲು ತಳ್ಳಿಕೊಂಡು ಬಂದವಳ ಮುಖ ಕೆಂಡವಾಗಿತ್ತು. ಕುರ್ಚಿಯಲ್ಲಿದ್ದವನು ತಬ್ಬಿಬ್ಬಾಗಿ ಎದ್ದು ನಿಂತ.

ಅವಳು ಕೆಳಗಿನ ಮಹಡಿಯಲ್ಲಿ ಗೇಮ್ ಆಡಿ ಆಡಿ ತಪ್ಪು ಹುಡುಕುವ ಟೆಸ್ಟರ್. ಅವನು ಮೇಲಿನ ಮಹಡಿಯಲ್ಲಿ ಅದೇ ಗೇಮಿಗೆ ಕೋಡ್ ಬರೆಯುವವನು. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಜೋಡಿ ಮಾಡಿ, ಮೊಟ್ಟೆಯಿಂದ ಮರಿ ಪಡೆಯುವ ಆಟ ಅದು. ಆರು ತಿಂಗಳಿಂದ ಇಬ್ಬರ ಮಾತೂ ಮೆಸೇಜುಗಳಲ್ಲೇ. ಮುಖ ನೋಡಿದ್ದು ಇದೇ ಮೊದಲು!

"ಮರಿ ಹೆಣ್ಣಾದ್ರೆ ತಾಯಿಯೇ ಕಾರಣ ಅನ್ನೋ ನಿಯಮ ತೆಗೀರಿ ಅಂತ ಆರು ತಿಂಗಳ ಹಿಂದೆಯೇ ಬರೆದಿದ್ದೆ. ಮೂರು ಹೆಣ್ಣು ಹೆತ್ತ ನನ್ನಮ್ಮ ಮೂರು ಸಲವೂ ಅದೇ ಮಾತು ಕೇಳಿದಾಳೆ ಅಂತಾನೂ ಬರೆದಿದ್ದೆ. ಮನೆ ವಿಷಯ! ಇನ್ಯಾರಿಗೂ ಹೇಳಿರ್ಲಿಲ್ಲ. ನೀವೇನ್ ಬರೆದ್ರಿ? 'ಸರಿ ಮಾಡಿದ್ದೇನೆ, ನಂಬಿ' ಅಂತ. ನಂಬಿದ್ದಕ್ಕೆ ಹೆಣ್ಣು ಹುಟ್ಟೋದನ್ನೇ ನಿಲ್ಲಿಸಿಬಿಟ್ರಾ?"

"ಅದು ಹಾಗಲ್ಲ..."

"ಸಾಕು! ಮ್ಯಾನೇಜರ್‌ಗೆ ದೂರು ಕೊಟ್ಟಾಯ್ತು. ಸಂಜೆಯೊಳಗೆ ನಿಮ್ಮನ್ನ ಕೆಲಸದಿಂದ ತೆಗೀತಾರಂತೆ. ತೆಗೀಲಿ!"

ಇವನ ಮೆಸೇಜು ಬಂತೆಂದರೆ ಕಾಫಿ ಆರಿದ್ದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇವನು ಯಾರೋ ಏನೋ ಆಗಿದ್ದರೆ ಇಷ್ಟು ಸಿಟ್ಟು ಬರುತ್ತಿತ್ತೇ?

ಈಗ ಅವನ ಮುಖವೂ ಬಿಗಿಯಿತು. "ಒಂದು ಮಾತೂ ಕೇಳದೆ ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಾ? ಮೊಟ್ಟೆ ಸಿಕ್ಕಮೇಲೆ ಗೇಮ್ ಸೇವ್ ಮಾಡಿದ್ರಿ. ಮರಿ ನೋಡಿ, ಮತ್ತೆ ಅದೇ ಸೇವ್‌ಗೆ ವಾಪಸ್ ಬಂದು ಒಡೆದ್ರಿ. ಹೌದು ತಾನೇ?"

"ಹೌದು. ಪ್ರತಿ ಸಲ ಮೊದಲಿಂದ ಆಡೋಕೆ ಯಾರಿಗಿದೆ ತಾಳ್ಮೆ?"

"ಗಂಡೋ ಹೆಣ್ಣೋ ಅನ್ನೋದು ಮೊಟ್ಟೆ ಕೈಗೆ ಸಿಗೋವಾಗಲೇ ತೀರ್ಮಾನ ಆಗಿರುತ್ತೆ, ಒಡೆಯೋವಾಗ ಅಲ್ಲ. ನೀವು ಮೂವತ್ತು ಮೊಟ್ಟೆ ಒಡೆದಿಲ್ಲ ಮೇಡಂ... ಒಂದೇ ಮೊಟ್ಟೆನ ಮೂವತ್ತು ಸಲ ಒಡೆದಿದೀರಿ!"



ಅವನು ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. ಕೋಡಿನ ಪಕ್ಕ, ಆರು ತಿಂಗಳ ಹಿಂದಿನ ತಾರೀಖಿನಲ್ಲಿ, ಒಂದು ಟಿಪ್ಪಣಿ ಇತ್ತು: 'ಗಂಡು ಹೆಣ್ಣು ಸಮಸಮ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಯಾರೂ ಬದಲಿಸಬೇಡಿ.'

ಅಮ್ಮನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ... ಅಪ್ಪ ಕೂಡ! ಇವನು ಬರೆದೇ ಇಟ್ಟಿದ್ದ.

ಅವಳು ಮ್ಯಾನೇಜರ್ ಕೋಣೆಗೆ ಓಡಿದಳು. ತಪ್ಪು ತನ್ನದೇ ಎಂದು ಒಪ್ಪಿ, ಚೆನ್ನಾಗಿ ಬೈಸಿಕೊಂಡು, ದೂರು ವಾಪಸ್ ತೆಗೆದುಕೊಂಡು ಬಂದಳು. ಆದರೆ ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಇದನ್ನ ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಎದುರಿಗೇ ಹೇಳೋಣ ಅಂತಿದ್ದೆ... ಧೈರ್ಯ ಸಾಲ್ಲಿಲ್ಲ."

ಅವನು ಗೇಮಿನಲ್ಲಿ ಹೊಸ ಮೊಟ್ಟೆಯೊಂದನ್ನು ತೆಗೆದು ಅವಳಿಗೆ ತೋರಿಸಿದ.

"ಇದು ಹೆಣ್ಣಾ?"

"ಆಗಲೇ ತೀರ್ಮಾನ ಆಗಿದೆ. ಒಡೆಯೋವರೆಗೂ ಕಾಯಬೇಕು, ಅಷ್ಟೇ." ಅವನು ತಲೆ ತಗ್ಗಿಸಿದ. "ನಂದೂ ಆರು ತಿಂಗಳ ಹಿಂದೆಯೇ ತೀರ್ಮಾನ ಆಗಿದೆ..."

"ಮತ್ತೆ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ನಂಗಿನ್ನೂ ಸಿಟ್ಟು ಹೋಗಿಲ್ಲ, ಗೊತ್ತಾ!" ಎನ್ನುತ್ತಲೇ ಅವಳು ಕುರ್ಚಿಯೊಂದನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

"ಬೈಯಿರಿ... ಇಲ್ಲೇ ಕೂತ್ಕೊಂಡು ಬೈಯಿರಿ."