ಕೊನೆ ಹೇಳಿಬಿಟ್ಟ ಶರಣ್ಯ

“ಇದನ್ನ ವಾಪಸ್ ತಗೋರಿ ಸರ್,” ಎಂದು ದುರ್ಗವ್ವ ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟರು.

ಪೀಣ್ಯದ ಆ ಪುಟ್ಟ ಲೈಬ್ರರಿಯ ಶಿವಶಂಕರ್ ಸಾರ್ ಕನ್ನಡಕ ಸರಿಮಾಡಿಕೊಂಡರು. “ಓದಿ ಮುಗೀತಾ?”

“ಇಲ್ರೀ, ಅರ್ಧಕ್ಕ ನಿಂತೈತಿ. ನಿಮ್ಮ ಬ್ಲಾಗಿನಾಗ ಕೊನೀಗೆ ಏನಾಗ್ತದ ಅಂತ ಹೇಳಿಬಿಟ್ಟಾರ.”

ಕಂಪ್ಯೂಟರ್ ಮುಂದೆ ಕೂತಿದ್ದ ಶರಣ್ಯ ಕುರ್ಚಿಯಲ್ಲೇ ಸ್ವಲ್ಪ ಕೆಳಕ್ಕೆ ಜಾರಿದಳು.

ಬ್ಲಾಗ್ ಬರೆಯುವವಳು ಅವಳೇ. ಐದನೇ ಕ್ಲಾಸು. ಸಾರ್‌ಗೆ ಕನ್ನಡ ಟೈಪಿಂಗ್ ಬರುವುದಿಲ್ಲ, ಅವಳಿಗೆ ಬರುತ್ತದೆ, ಅಷ್ಟೇ ಕಾರಣ. ಪ್ರತಿ ಶನಿವಾರ ಒಂದು ಹಳೆಯ ಕಾದಂಬರಿಯ ಬಗ್ಗೆ ಬರೆಯಬೇಕು. ಬ್ಲಾಗಿಗೆ ಇದ್ದದ್ದು ಇಬ್ಬರು ಓದುಗರು: ಒಬ್ಬರು ಸಾರ್, ಇನ್ನೊಬ್ಬಳು ಶರಣ್ಯ. ಈ ವಾರ ಮಾತ್ರ ಮೂವರಾಗಿದ್ದರು. ಅವಳು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದಳು.

ಬರೆದದ್ದು ಹೀಗಿತ್ತು: “ಇದು ಎಲ್ಲರೂ ಓದಲೇಬೇಕಾದ ಕ್ಲಾಸಿಕ್. ಕೊನೆಯಲ್ಲಿ ಅಜ್ಜಿ ಹೊಳೆ ದಾಟದೆ ತೀರಿಕೊಂಡಾಗ ನಾನು ತುಂಬಾ ಅತ್ತೆ.”

“ಫ್ಯಾಕ್ಟರಿಯಾಗ ನಾವು ಎಂಟು ಮಂದಿ ಹೆಣ್ಮಕ್ಕಳು,” ಎಂದರು ದುರ್ಗವ್ವ. “ಊಟಕ್ಕ ಬಿಟ್ಟಾಗ ದಿನಾ ನಾ ಜೋರಾಗಿ ಓದತಿದ್ದೆ. ಅಜ್ಜಿ ಹೊಳಿ ದಾಟ್ತಾಳೋ ಇಲ್ಲೋ ಅಂತ ಎಲ್ಲಾರೂ ರೊಟ್ಟಿ ಕೈಯಾಗ ಹಿಡಕೊಂಡು ಹಂಗ ಕುಂತಿರತಿದ್ರು. ಮೊನ್ನೆ ನಮ್ಮ ಮಹಾದೇವಿ ಫೋನಿನಾಗ ಇದನ್ನ ನೋಡಿ ಹೇಳಿಬಿಟ್ಲು. ಈಗ ಎಲ್ಲಾರೂ ಉಂಡು ಮಲಗತಾರ. ನನ್ನ ಓದು ಯಾರಿಗೂ ಬ್ಯಾಡಾಗೇತಿ.”

“ಎಂಬತ್ತು ವರ್ಷ ಹಳೇ ಪುಸ್ತಕ ಕಣಮ್ಮ,” ಎಂದರು ಸಾರ್. “ಅಜ್ಜಿ ಸಾಯೋದು ಎಲ್ರಿಗೂ ಗೊತ್ತು.”

“ನಮಗ ಮೊನ್ನೆ ಗೊತ್ತಾತ್ರೀ.”

ಶರಣ್ಯ ಮೌಸ್ ಹಿಡಿದು ಪಟಪಟನೆ ಎರಡು ಸಲ ಒತ್ತಿದಳು.

“ಡಿಲೀಟ್ ಮಾಡ್ಬಿಟ್ಟೆ ಆಂಟಿ,” ಎಂದಳು ಶರಣ್ಯ.

“ನಮ್ಮ ತಲಿಯಾಗಿಂದ ಡಿಲೀಟ್ ಆಗವಲ್ದಲ್ಲ ತಂಗಿ.”

ಶರಣ್ಯಳಿಗೆ ಅಳು ಬಂತು. “ಸಾರಿ ಆಂಟಿ. ಬೇರೆ ಪುಸ್ತಕ ಕೊಡ್ತೀನಿ. ಇದು ತಗೊಳ್ಳಿ, ಸಕ್ಕತ್ತಾಗಿದೆ! ಕಳ್ಳ ಯಾರು ಅಂದ್ರೆ...”

“ಏ, ತಡಿ ತಡಿ! ನೀ ಓದಿರಬಾರದು, ಅಂಥಾದ್ದು ಕೊಡವ್ವಾ!”

ಶರಣ್ಯ ಕೆಳಗಿನ ಕಪಾಟಿನಲ್ಲಿ ಹುಡುಕಿ, ತಾನು ಮುಟ್ಟೇ ಇರದ ಒಂದು ಹಳೆಯ ಕಾದಂಬರಿಯ ಧೂಳು ಕೊಡವಿ ಕೊಟ್ಟಳು.

ಮುಂದಿನ ಶನಿವಾರ ದುರ್ಗವ್ವ ಬರಿಗೈಯಲ್ಲಿ ಬಂದರು. ಶರಣ್ಯ ಕುರ್ಚಿ ಬಿಟ್ಟು ಎದ್ದಳು.

“ಪುಸ್ತಕ ಎಲ್ಲಿ ಆಂಟಿ?”

“ಫ್ಯಾಕ್ಟರಿಯಾಗ ಇಟ್ಟುಕೊಂಡಾರ. ಮನಿಗೆ ಒಯ್ಯಾಕ ಬಿಡವಲ್ರು, ನಾ ಒಬ್ಬಾಕಿನ ಮುಂದ ಓದಿಬಿಡ್ತೀನಂತ!”

ದುರ್ಗವ್ವ ಸ್ಟೂಲಿನ ಮೇಲೆ ಕೂತು ಅಲ್ಲಿಯವರೆಗಿನ ಕತೆ ಹೇಳಿದರು. ಹತ್ತು ವರ್ಷದಿಂದ ಯಾರೂ ಬಾರದ ಮನೆ. ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿಯುತ್ತಾರೆ. ಸೊಸೆ ಹೋಗಿ ಬಾಗಿಲು ತೆಗೆಯುತ್ತಾಳೆ.

“ಯಾರಿದ್ರು?”

“ಅಷ್ಟೊತ್ತಿಗೆ ಫ್ಯಾಕ್ಟರಿ ಬೆಲ್ ಹೊಡೀತು. ಮುಂದಿಂದು ಬರೋ ಶನಿವಾರ ಹೇಳ್ತೀನಿ.” ದುರ್ಗವ್ವ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಶರಣ್ಯ ಬ್ಲಾಗಿನಲ್ಲಿ ಬಾಗಿಲು ತೆಗೆಯುವವರೆಗೆ ಬರೆದು ನಿಲ್ಲಿಸಿದಳು. ಸಾರ್ ಹಿಂದೆ ಬಂದು ನಿಂತು ಓದಿದರು.

“ಓ, ಈ ಪುಸ್ತಕಾನಾ? ನಾನು ಓದಿದ್ದೀನಿ. ಬಂದೋರು ಯಾರು ಅಂತ ಹೇಳ್ಲಾ?”

ಶರಣ್ಯಳಿಗೆ ಹೇಳಿಸಿಕೊಳ್ಳಬೇಕೆಂದು ಎಷ್ಟು ಆಸೆಯಾಯಿತೆಂದರೆ, ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು.

“ಬೇಡ ಸಾರ್,” ಎಂದಳು. “ಪ್ಲೀಸ್, ಆಂಟಿ ಬರೋವರೆಗೂ ಹೇಳ್ಬೇಡಿ.”