ಸ್ಕೆಲ್ಗಾರ್ತ್ ಹೆಸರಿನ ಇನ್ನೊಬ್ಬ

2018ರ ನವೆಂಬರ್ 5, ಸೋಮವಾರ. ಥಾರ್ನ್‌ಡೇಲ್ ಪೊಲೀಸ್ ಠಾಣೆಯ ಬಾಗಿಲು ತೆರೆದು ಎಪ್ಪತ್ತೆರಡು ವರ್ಷದ ಆ್ಯಗ್ನೆಸ್ ಸ್ಕೆಲ್ಗಾರ್ತ್ ಒಳಗೆ ಬಂದಾಗ ಬೆಳಿಗ್ಗೆ ಹತ್ತೂವರೆ. ಕಾಲಿಗೆ ಗದ್ದೆ ಬೂಟು, ತಲೆಗೆ ಭಾನುವಾರ ಚರ್ಚಿಗೆ ಹಾಕುವ ಟೋಪಿ. ಠಾಣೆಗೆ ಬರಲು ಯಾವ ಉಡುಪು ಸರಿ ಎಂದು ತಿಳಿಯದೆ ಎರಡನ್ನೂ ತೊಟ್ಟು ಬಂದಂತಿತ್ತು.

ಕಾನ್‌ಸ್ಟೇಬಲ್ ನೀಲ್ ಫರ್ನೆಸ್ ಕುರ್ಚಿಯನ್ನು ಹೀಟರಿನ ಹತ್ತಿರ ಎಳೆದು ಹಾಕಿ, ಏನಾಗಬೇಕಿತ್ತು ಎಂದು ಕೇಳಿದ.

"ನಮ್ಮಣ್ಣ ಲೋಸ್ಟಾಫ್ಟ್‌ನಲ್ಲಿ ಬದುಕಿದ್ದಾನೆ. ಅವನು ಹೌದೋ ಅಲ್ಲವೋ ಪತ್ತೆ ಮಾಡಿಕೊಡಿ."

"ಎಷ್ಟು ದಿನದಿಂದ ಕಾಣೆಯಾಗಿದ್ದಾರೆ?"

"ಕಾಣೆಯಾಗಿಲ್ಲಪ್ಪ. ಸತ್ತಿದ್ದಾನೆ. ಐದು ತಿಂಗಳ ಕೂಸಿದ್ದಾಗ."

ನೀಲ್ ಪೆನ್ನು ಕೆಳಗಿಟ್ಟು ಒಳಗೆ ಹೋಗಿ ಇನ್‌ಸ್ಪೆಕ್ಟರ್ ಜೂಡಿತ್ ಬರ್ಕೆಟ್‌ಗೆ ವಿಷಯ ತಿಳಿಸಿದ. "ಮ್ಯಾಡಮ್, ಲೋಸ್ಟಾಫ್ಟ್‌ನಂಥ ಸತ್ತಂತಿರೋ ಬಂದರೂರಲ್ಲಿ ಇದ್ದಾರೆ ಅಂದಮಾತ್ರಕ್ಕೆ ಬದುಕಿದ್ದಾರೆ ಅಂತ ಹೇಳೋಕಾಗಲ್ಲ" ಎಂದೂ ಸೇರಿಸಿದ. ಜೂಡಿತ್ ನಗಲಿಲ್ಲ. ಆ್ಯಗ್ನೆಸ್ ಯಾರೆಂದು ಅವಳಿಗೆ ಗೊತ್ತಿತ್ತು. ಅದೇ ಕಣಿವೆಯಲ್ಲಿ ಹುಟ್ಟಿದವಳು ಅವಳೂ.

ದೂರು ಇಷ್ಟು. ಅಣ್ಣ ಜೋಸೆಫ್ ಹುಟ್ಟಿದ್ದು 1943ರ ಮಾರ್ಚ್ 9. ಅದೇ ವರ್ಷ ಆಗಸ್ಟಿನಲ್ಲಿ ನಾಯಿಕೆಮ್ಮಿಗೆ ತೀರಿಕೊಂಡ. ಆ್ಯಗ್ನೆಸ್ ಹುಟ್ಟಿದ್ದೇ ಆಮೇಲೆ. ಈಗ ಪೂರ್ವ ಕರಾವಳಿಯ ಪತ್ರಿಕೆಯೊಂದರಲ್ಲಿ ಒಂದು ಚಿತ್ರ ಬಂದಿದೆ. ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದ ಜೋಸೆಫ್ ಸ್ಕೆಲ್ಗಾರ್ತ್ ಎಂಬವನಿಗೆ ಮಾರ್ಚ್ 9ಕ್ಕೆ ಎಪ್ಪತ್ತೈದು ತುಂಬಿತೆಂದು ಗೆಳೆಯರು ಕೇಕ್ ಕತ್ತರಿಸಿದ್ದಾರೆ. ಆ್ಯಗ್ನೆಸ್ ಮೂರು ಸಲ ಕಾಗದ ಬರೆದಳು. ಉತ್ತರ ಬರಲಿಲ್ಲ.

"ಹೆಸರು ಒಂದೇ ಇರೋದು ಕಾಕತಾಳೀಯ ಇರಬಹುದಲ್ಲ?" ಎಂದಳು ಜೂಡಿತ್.

"ನೀನು ಬರ್ಕೆಟ್, ಮಗಳೇ. ಈ ಊರಲ್ಲಿ ಕಲ್ಲೆಸೆದರೆ ಬೀಳೋದು ಒಂದು ಬರ್ಕೆಟ್ ತಲೆ ಮೇಲೆ. ನಮ್ಮ ಹೆಸರಿಗೆ ಕಾಕತಾಳೀಯ ಅನ್ನೋದು ಇಲ್ಲ. ಮನೆಗೆ ಬಾ, ತೋರಿಸ್ತೀನಿ."

ಆ ಮಧ್ಯಾಹ್ನವೇ ಜೂಡಿತ್ ಮತ್ತು ನೀಲ್ ಹೋದರು. ಅಡುಗೆಮನೆಯ ಗೋಡೆಯ ಮೇಲೆ ಇಡೀ ಇಂಗ್ಲೆಂಡಿನ ನಕ್ಷೆ, ಒಲೆಯ ಹೊಗೆಗೆ ಹಳದಿಯಾದದ್ದು. ಅದರ ತುಂಬ ಸಣ್ಣ ಸಣ್ಣ ತೂತು. ಸ್ಕೆಲ್ಗಾರ್ತ್ ಎಂಬುದು ಮೊದಲು ಮನುಷ್ಯರ ಹೆಸರಲ್ಲ, ಒಂದು ಹಟ್ಟಿಯ ಹೆಸರು. ಬೆಟ್ಟದ ಒರತೆಯ ಪಕ್ಕ, ಕಲ್ಲುಗೋಡೆಯೊಳಗಿನ ಒಂದೇ ಮನೆ. ಅಲ್ಲಿ ಹುಟ್ಟಿದವರಿಗೆಲ್ಲ ಆ ಹೆಸರು ಅಂಟಿತು. ಹತ್ತಿಗಿರಣಿಗಳು ಬಂದಾಗ ಇಬ್ಬರು ಸಹೋದರರು ತೆಂಕಣ ಬರ್ನ್ಲಿಗೆ ಇಳಿದರು. ಅವರ ಮಕ್ಕಳಲ್ಲಿ ಕೆಲವರು ಬ್ಯಾರೋದ ಹಡಗುಕಟ್ಟೆಗೆ ಹೋದರು. ಒಬ್ಬಳು ವಿಧವೆ ಕೆಂಡಲ್‌ನಲ್ಲಿ ಟೋಪಿ ಅಂಗಡಿ ಇಟ್ಟಳು. ನೀರು ಹರಿದಂತೆ ಹೆಸರೂ ತಗ್ಗು ಹುಡುಕಿಕೊಂಡು ಹರಿದಿತ್ತು. ಎಲ್ಲಿ ಸಿಕ್ಕಿದರೂ ಹಿಂದೆ ನಡೆದರೆ ಅದೇ ಒರತೆ. 1938ರಲ್ಲಿ ದೊಡ್ಡ ನಗರಕ್ಕೆ ಕುಡಿಯುವ ನೀರು ಬೇಕಾಗಿ ಕಣಿವೆಗೆ ಅಣೆಕಟ್ಟು ಕಟ್ಟಿದಾಗ ಹಟ್ಟಿ ಮುಳುಗಿತು.

ಬದುಕಿರುವ ಒಬ್ಬೊಬ್ಬ ಸ್ಕೆಲ್ಗಾರ್ತ್‌ಗೂ ಆ್ಯಗ್ನೆಸಳ ತಾಯಿ ಒಂದೊಂದು ಗುಂಡುಸೂಜಿ ಚುಚ್ಚಿದ್ದಳು. ಸತ್ತಾಗ ಕಿತ್ತಳು. ಆಮೇಲೆ ಕೀಳುವ ಕೆಲಸ ಮಗಳಿಗೆ ಬಂತು. ಗಂಡುಮಕ್ಕಳು ಯುದ್ಧಗಳಿಗೆ ಹೋದರು, ಹೆಣ್ಣುಮಕ್ಕಳು ಗಂಡಂದಿರ ಹೆಸರಿಗೆ ಹೋದರು. ಬ್ಯಾರೋದ ಕೊನೆಯ ಸೂಜಿ ಕಿತ್ತು ಆರು ವರ್ಷವಾಗಿತ್ತು. ಈಗ ನಕ್ಷೆಯಲ್ಲಿದ್ದವು ಎರಡೇ. ಒಂದು ಥಾರ್ನ್‌ಡೇಲಿನಲ್ಲಿ. ಇನ್ನೊಂದು ದೂರದ ಪೂರ್ವದಲ್ಲಿ, ಸಮುದ್ರದ ಅಂಚಿನ ಲೋಸ್ಟಾಫ್ಟ್‌ನಲ್ಲಿ, ಚಿತ್ರ ನೋಡಿದ ಮೇಲೆ ಆ್ಯಗ್ನೆಸ್ ಚುಚ್ಚಿದ್ದು, ಒಂದೇ ಒಂದು.

"ಅಲ್ಲಿಗೆ ನಮ್ಮವರು ಯಾರೂ ಹೋಗಿಲ್ಲ. ದಾರಿಯೇ ಇಲ್ಲದೆ ಬಂದಿರೋ ಸೂಜಿ ಅದು" ಎಂದಳು ಆ್ಯಗ್ನೆಸ್.

ಶುಂಠಿ ಕೇಕು ಮುಂದಿಡುತ್ತ ಅವಳು ಮತ್ತೊಂದು ಮಾತು ಹೇಳಿದಳು. ಅಮ್ಮ ಸಾಯುವ ವಾರವೆಲ್ಲ ಬಾಗಿಲ ಕಡೆ ನೋಡುತ್ತ, ಜೋಸೆಫ್ ಬಂದನಾ ಎಂದು ಕೇಳುತ್ತಿದ್ದಳಂತೆ. "ಸತ್ತ ಮಗೂನ ಹಾಗೆ ಕೇಳ್ತಾರಾ? ಯಾರಿಗಾದರೂ ಕೊಟ್ಟುಬಿಟ್ಟಿದ್ದರೋ ಏನೋ. ಯುದ್ಧದ ಕಾಲ. ಮನೇಲಿ ತಿನ್ನೋಕೇ ಇರಲಿಲ್ಲ."

ಗೋರಿ ಅಗೆಸಲು ಅರ್ಜಿ ಹಾಕಬಹುದೆಂದು ಜೂಡಿತ್ ವಿವರಿಸಿದಳು. ಆ್ಯಗ್ನೆಸ್ ತುಂಬ ಹೊತ್ತು ಚಹಾ ಕಲಕಿದಳು. ಬೇಡ, ಮೊದಲು ಆ ಮನುಷ್ಯ ಸಿಗಲಿ ಎಂದಳು. ಬೀಳ್ಕೊಡುವಾಗ ಮಾತ್ರ ಜೂಡಿತಳ ತೋಳು ಹಿಡಿದುಕೊಂಡಳು.

"ನಾನೊಬ್ಬಳೇನಾ, ಅಥವಾ ಇಬ್ಬರಾ? ಅಷ್ಟು ಗೊತ್ತಾದರೆ ಸಾಕು."

ಮರುದಿನ ಪ್ರಥಮ ವರದಿ ದಾಖಲಾಯಿತು. ಜನನ ನೋಂದಣಿ ಕಚೇರಿ, ಪಾಸ್‌ಪೋರ್ಟ್ ಕಚೇರಿ, ಲೋಸ್ಟಾಫ್ಟ್ ಪೊಲೀಸರು, ಮೂವರಿಗೂ ಪತ್ರ ಹೋಯಿತು. ಉತ್ತರಗಳು ಒಂದೊಂದಾಗಿ ಬಂದವು. ಜೋಸೆಫ್ ಸ್ಕೆಲ್ಗಾರ್ತ್‌ನ ಜನನ ಪತ್ರದ ನಕಲನ್ನು 1965ರಲ್ಲಿ ಯಾರೋ ಪಡೆದಿದ್ದರು. ಅದರ ಮೇಲೆ ಹಡಗಿನ ಕೆಲಸದ ಗುರುತುಪತ್ರ, ಪಾಸ್‌ಪೋರ್ಟ್, ಕೊನೆಗೆ ಪಿಂಚಣಿ. ಆ ಮಗುವಿನ ಮರಣವೂ 1943ರಲ್ಲೇ ದಾಖಲಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕಾರಣ ಯಾರಿಗೂ ಒದಗಿರಲಿಲ್ಲ.

"ಕಳ್ಳ ಜಾಣ ಅಲ್ಲ ಮ್ಯಾಡಮ್" ಎಂದ ನೀಲ್. "ಸ್ಮಿತ್ ಅಂತ ಇಟ್ಕೊಂಡಿದ್ರೆ ಸಾಯೋವರೆಗೂ ಸಿಕ್ತಿರಲಿಲ್ಲ. ಹೋಗಿ ಹೋಗಿ ಇಡೀ ದೇಶದಲ್ಲಿ ಲೆಕ್ಕಕ್ಕೆ ಸಿಗೋ ಹೆಸರು ಹಿಡಿದಿದ್ದಾನೆ."

ಜೂಡಿತಳಿಗೂ ಅದೇ ಹೊಳೆದಿತ್ತು. ಅಡಗಿಕೊಳ್ಳುವವನು ಜಾತ್ರೆಯಲ್ಲಿ ಅಡಗುತ್ತಾನೆ, ಬಯಲಲ್ಲಿ ಅಲ್ಲ. ಹಾಗಾದರೆ ಈತ ಅಡಗಿಕೊಳ್ಳಲು ಆ ಹೆಸರು ತೆಗೆದುಕೊಂಡವನಲ್ಲ.

ನವೆಂಬರ್ 15ರಂದು ಲೋಸ್ಟಾಫ್ಟ್‌ನಿಂದ ಫೋನು ಬಂತು. ಮನೆಗೆ ಬೀಗ ಬಿದ್ದಿದೆ. ಪಕ್ಕದ ಮನೆಯವಳ ಕೈಗೆ ಬೆಕ್ಕನ್ನೂ ಅದರ ಊಟಕ್ಕೆ ಹಣವನ್ನೂ ಕೊಟ್ಟು, ತಿರುಗಿ ಬರುವುದು ಯಾವಾಗಲೋ ಗೊತ್ತಿಲ್ಲ ಎಂದು ಹೇಳಿ ಹೋಗಿದ್ದಾನೆ. ಆತನಿಗೆ ಮದುವೆಯಿಲ್ಲ, ಮನೆಗೆ ಬಂದುಹೋಗುವವರೂ ಇರಲಿಲ್ಲ. ಬೀದಿಯ ಯಾರ ಮೇಲೂ ಒಂದು ದಿನ ದನಿಯೇರಿಸಿದವನಲ್ಲವಂತೆ.

ಮಾರನೆಯ ದಿನ ಜೂಡಿತ್ ಚರ್ಚಿನ ಸ್ಮಶಾನಕ್ಕೆ ಹೋಗಿ ಸ್ಥಳ ಪಂಚನಾಮೆ ಮಾಡಿಸಿದಳು. ಮೊಣಕಾಲೆತ್ತರದ ಸ್ಲೇಟು ಕಲ್ಲು. ಅದರ ಮೇಲೆ ಮಗುವಿನ ಪೂರ್ತಿ ಹೆಸರಿರಲಿಲ್ಲ. "ನಮ್ಮ ಜೋಸೆಫ್" ಎಂದಷ್ಟೇ ಕೆತ್ತಿ, ಕೆಳಗೆ ಎರಡು ತಾರೀಖು, ಹಟ್ಟಿಯ ಹೆಸರು. ಕಲ್ಲಿನ ಕೊರಳಿಗೆ ಕಿತ್ತಳೆ ಬಣ್ಣದ ದಾರದ ಒಂದು ಹಾರವಿತ್ತು. ಹೂವಿನ ಹಾಗೆ ಸುತ್ತಿ ಸುತ್ತಿ ಹೆಣೆದದ್ದು, ಮಳೆಬಿಸಿಲಿಗೆ ಅರ್ಧ ಬಿಳಿಚಿತ್ತು. ನೀಲ್ ಮುಟ್ಟಿ ನೋಡಿ, ಮೀನುಬಲೆಯ ದಾರ ಎಂದ.

ಗೋರಿ ತೋಡುವ ರಿಗ್ ಎಂಬ ಮುದುಕ ಸಾಕ್ಷಿ ಹೇಳಿದ. ಪ್ರತಿ ವರ್ಷ ಹೊಸ ಹಾರ ಬರುತ್ತದೆ, ಕುರಿಗಾರರೆಲ್ಲ ಸೇರುವ ಕುರಿ ಕೂಟದ ದಿನ. ಹಳೆಯದನ್ನು ರಿಗ್ ಬಿಸಾಡುವುದಿಲ್ಲ, ಸಾಮಾನಿನ ಕೋಣೆಯ ಮೊಳೆಗೆ ತೂಗುಹಾಕುತ್ತಾನೆ. ನೋಡಿದರೆ ಮೊಳೆ ಬಾಗುವಷ್ಟು ಇದ್ದವು. ಹಾರ ರಿಗ್‌ನೇ ಕಟ್ಟುತ್ತಾನೆ ಎಂದು ಆ್ಯಗ್ನೆಸ್ ತಿಳಿದಿದ್ದಳಂತೆ. ಯಾರಿಗಾದರೂ ಯಾಕೆ ಹೇಳಲಿಲ್ಲ ಎಂದು ಜೂಡಿತ್ ಕೇಳಿದಳು.

"ಹೇಳಿದ್ರೆ ಜನ ನೋಡೋಕೆ ಬರ್ತಾರೆ. ನೋಡಿದ್ರೆ ಆ ಮನುಷ್ಯ ಬರೋದು ಬಿಡ್ತಾನೆ" ಎಂದ ರಿಗ್.

ಹಿಂದಿರುಗುವಾಗ ಜೂಡಿತ್ ಕಾರನ್ನು ಅಣೆಕಟ್ಟಿನ ಮೇಲೆ ನಿಲ್ಲಿಸಿದಳು. ಎದುರು ಬೆಟ್ಟದಲ್ಲಿ ಬೇಲಿಯಿಲ್ಲ, ಆದರೂ ಒಂದು ಹಿಂಡು ಇನ್ನೊಂದರ ಜಾಗಕ್ಕೆ ಹೋಗುವುದಿಲ್ಲ. ತಾಯಿಯ ಬೆನ್ನ ಹಿಂದೆ ಅಲೆದು ಕಲಿತ ನೆಲವನ್ನು ಕುರಿ ಸಾಯುವವರೆಗೂ ಬಿಡುವುದಿಲ್ಲ. ಬೆದರಿದರೆ ಓಡುವುದೂ ಅಲ್ಲಿಗೇ. ಮುಂದಿನ ವಾರದ ಶನಿವಾರವೇ ಕೂಟ. ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ ಎಂದಳು ನೀಲ್‌ಗೆ.

ನವೆಂಬರ್ 24. ಹೋಟೆಲಿನ ಹಿಂದಿನ ಕಲ್ಲುದೊಡ್ಡಿಯಲ್ಲಿ ವರ್ಷವಿಡೀ ದಾರಿ ತಪ್ಪಿದ ಕುರಿಗಳನ್ನೆಲ್ಲ ತಂದು ನಿಲ್ಲಿಸಿದ್ದರು. ಅವರವರ ಗುರುತು ನೋಡಿ ಅವರವರು ಬಿಡಿಸಿಕೊಂಡು ಹೋಗುವುದು. ಯಾರ ಮನೆಯ ಮೇವು ತಿಂದಿದ್ದರೂ ಲೆಕ್ಕ ಕೇಳುವಂತಿಲ್ಲ. ಸಾಕಿದವನಿಗೆ, ಗುರುತು ಹಿಡಿದುಕೊಟ್ಟವನಿಗೆ ಒಡೆಯ ಒಂದು ಲೋಟ ಬಿಯರ್ ಕುಡಿಸಿ ಕೈಕುಲುಕಿದರೆ ಆಯಿತು. ಆ್ಯಗ್ನೆಸ್ ಒಳಗೆ ಅಡುಗೆಯವರ ಜೊತೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ತನ್ನ ಕುರಿಗಳನ್ನು ಮಾರಿ ಎರಡು ವರ್ಷವಾಗಿದ್ದರಿಂದ ದೊಡ್ಡಿಯಲ್ಲಿ ಅವಳಿಗೆ ಕೆಲಸವಿರಲಿಲ್ಲ.

ಜೂಡಿತ್ ಮಫ್ತಿಯಲ್ಲಿದ್ದಳು. ಪತ್ರಿಕೆಯ ಚಿತ್ರದ ಮುಖವನ್ನು ಮಧ್ಯಾಹ್ನದವರೆಗೂ ಹುಡುಕಿದಳು. ಟೋಪಿ ಕೆಳಗೆ ಎಳೆದ ಮುದುಕರೆಲ್ಲ ಒಂದೇ ತರಹ ಕಂಡರು.

ಕೊನೆಗೆ ಉಳಿದದ್ದು ಒಂದು ಮುದಿ ಬೂದುಕುರಿ. ಬಣ್ಣ ಮಾಸಿತ್ತು, ಒಂದು ಕಿವಿಯ ತುದಿ ಇರಲಿಲ್ಲ. ಕೂಟ ನಡೆಸುತ್ತಿದ್ದ ತರುಣನಿಗೆ ಗುರುತು ಹತ್ತಲಿಲ್ಲ. ಗೊತ್ತಿದ್ದ ಹಿರಿಯರು ತೀರಿಹೋಗಿದ್ದರು.

"ಯಾರದ್ದಪ್ಪ ಈ ಅಜ್ಜಿ? ಯಾರದ್ದೂ ಅಲ್ಲವಾ? ಸರಿ, ಹರಾಜಿಗೆ ಹಾಕ್ತೀನಿ. ಸಾರಿಗಂತೂ ಬೇಯಲ್ಲ."

ಜನ ನಕ್ಕರು. ನಗೆ ಇಳಿಯುವಾಗ ಗೋಡೆಯ ಮೂಲೆಯಿಂದ ಒಂದು ದನಿ ಬಂತು. ಬೆಟ್ಟದವರ ಉಚ್ಚಾರವಲ್ಲ, ಕರಾವಳಿಯದು.

"ಎಡ ಭುಜಕ್ಕೆ ಕೆಂಪು ಪಟ್ಟೆ, ಬಲಗಿವಿ ಕತ್ತರಿ. ಸ್ಕೆಲ್ಗಾರ್ತ್‌ರದ್ದು."

ಎಲ್ಲರೂ ತಿರುಗಿದರು. ಆತ ಓಡಲಿಲ್ಲ. ಜೂಡಿತ್ ಹತ್ತಿರ ಹೋಗಿ ತನ್ನ ಗುರುತುಪತ್ರ ತೋರಿಸಿ, ಸುಳ್ಳು ಹೇಳಿ ಪಾಸ್‌ಪೋರ್ಟ್ ಪಡೆದ ಆರೋಪದ ಮೇಲೆ ಬಂಧಿಸುತ್ತಿರುವುದಾಗಿ ತಿಳಿಸಿದಳು. ಏನೂ ಹೇಳಬೇಕಾಗಿಲ್ಲ, ಹೇಳಿದ್ದನ್ನು ಸಾಕ್ಷಿಯಾಗಿ ಬಳಸಬಹುದು ಎಂದಳು. ಆತ ತಲೆಯಾಡಿಸಿದ. ಮಧ್ಯಾಹ್ನ ಎರಡೂ ಹತ್ತು ಎಂದು ನೀಲ್ ಬರೆದುಕೊಂಡ.

"ಕುರೀನ ಆಯಮ್ಮನಿಗೆ ಒಪ್ಪಿಸಿದ ಮೇಲೆ ಹೋಗೋಣವಾ?" ಎಂದು ಆತ ಕೇಳಿದ. ಜೂಡಿತ್ ಆಗಲಿ ಎಂದಳು.

ಯಾರೋ ಕರೆದರು. ಆ್ಯಗ್ನೆಸ್ ಕೈ ಒರೆಸಿಕೊಳ್ಳುತ್ತ ಬಂದಳು. ಕುರಿಯ ಕಿವಿಯನ್ನು ಬೆರಳಲ್ಲಿ ಸವರಿ, "ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ" ಎಂದು ಅದನ್ನೇ ಬೈದಳು. ಆಮೇಲೆ ತಲೆಯೆತ್ತಿದಳು. ಗುರುತು ಹೇಳಿದವನ ಮುಖವನ್ನು ನೋಡುತ್ತ ನಿಂತಳು. ಚಿತ್ರವನ್ನು ಅವಳು ಕಣ್ಣು ಮುಚ್ಚಿಯೂ ನೋಡಬಲ್ಲವಳಾಗಿದ್ದಳು.

"ನೀನು ನಮ್ಮ ಜೋಸೆಫಾ?"

ಹೌದು ಎಂದಿದ್ದರೆ ಸಾಕಿತ್ತು. ಆ ಕ್ಷಣ ಆ ದೊಡ್ಡಿಯಲ್ಲಿದ್ದ ಯಾರೂ ಅಲ್ಲವೆನ್ನುತ್ತಿರಲಿಲ್ಲ. ಅವಳ ಕೈ ಆಗಲೇ ಅರ್ಧ ಮುಂದೆ ಬಂದಿತ್ತು. ಆತ ಟೋಪಿ ತೆಗೆದ.

"ಅಲ್ಲ ತಾಯಿ. ಅವನು ಆ ಕಲ್ಲಿನ ಕೆಳಗೇ ಇದ್ದಾನೆ. ನಿಮ್ಮ ಕಾಗದಕ್ಕೆ ಇದನ್ನ ಬರೆಯೋಕೆ ಕೈ ಬರಲಿಲ್ಲ. ಅದಕ್ಕೇ ಬಂದೆ."

ಆ್ಯಗ್ನೆಸ್ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕುರಿಯ ಬೆನ್ನ ಮೇಲಿಟ್ಟಳು. ನೀಲ್ ಕೈಕೋಳವನ್ನು ಜೇಬಿನಲ್ಲೇ ಉಳಿಸಿಕೊಂಡ.

ಠಾಣೆಯಲ್ಲಿ ಹೇಳಿಕೆ ಪಡೆಯುವಾಗ ಮೊದಲ ಪ್ರಶ್ನೆಗೇ ತಡವಾಯಿತು.

"ಹೆಸರು?"

ಆತ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ.

"ಪೀಟರ್ ಪಾರ್ಸೆಲ್."

ಯಾವುದೋ ರೈಲು ನಿಲ್ದಾಣದ ಪಾರ್ಸೆಲ್ ಕೋಣೆಯಲ್ಲಿ ಬಿಟ್ಟುಹೋಗಿದ್ದ ಕೂಸು. ಆ ಹೆಸರು ಅನಾಥಾಲಯದ ಮೇಲ್ವಿಚಾರಕನ ತಮಾಷೆ. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ಹುಡುಗರು, ಎಲ್ಲಿಂದ ಬಂತು, ಯಾರು ಬಿಡಿಸಿಕೊಳ್ತಾರೆ ಎಂದು ಕೂಗುತ್ತಿದ್ದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬೆಟ್ಟ ದಾಟುವಾಗ ಮಳೆ ಹಿಡಿದು ಚರ್ಚಿನ ಮಾಡಿನ ಕೆಳಗೆ ಕೂತ. ಎದುರಿಗೆ ಆ ಕಲ್ಲು.

"ಐದು ತಿಂಗಳು ಬದುಕಿದ್ದ ಮಗು. ಅವನನ್ನ ನಮ್ಮವನು ಅಂದಿದ್ದರು, ಕಲ್ಲಲ್ಲಿ ಕೆತ್ತಿದ್ದರು. ನನಗೆ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅಂದಿರಲಿಲ್ಲ. ಅವನಿಗೆ ಹೆಸರು ಇನ್ನು ಬೇಕಾಗಿಲ್ಲವಲ್ಲ ಅನ್ನಿಸಿತು."

"ಆ ಹೆಸರಲ್ಲಿ ಬೇರೆ ಏನಾದರೂ ಅಪರಾಧ?"

"ಇಲ್ಲ. ಹೆಸರಿಗೆ ಕೊಳೆ ಹತ್ತಬಾರದು ಅಂತ ಹುಷಾರಾಗಿದ್ದೆ. ನನ್ನದಲ್ಲವಲ್ಲ."

ಮದುವೆ ಯಾಕಾಗಲಿಲ್ಲ ಎಂಬುದಕ್ಕೂ ಅದೇ ಉತ್ತರ. ಒಬ್ಬಳು ಒಪ್ಪಿದ್ದಳು. ಆದರೆ ಕದ್ದ ಹೆಸರನ್ನು ಅವಳಿಗೂ ಮಕ್ಕಳಿಗೂ ಹೇಗೆ ಕೊಡುವುದು ಎಂದು ಹಿಂಜರಿದ. ವರ್ಷಕ್ಕೊಮ್ಮೆ ಬಂದು ಹಾರ ಇಟ್ಟು, ಕೂಟದ ಮೂಲೆಯಲ್ಲಿ ನಿಂತು ಆ ಮನೆಯ ಕುರಿಗಳ ಗುರುತನ್ನೂ ಕಲಿತಿದ್ದ. ಬೇರೆ ದಾಖಲೆಗಳಲ್ಲಿಯೂ ಆತನ ಮೇಲೆ ಏನೂ ಸಿಗಲಿಲ್ಲ.

ಸೋಮವಾರ ಜೂಡಿತ್ ತಾನೇ ಹೋಗಿ ಆ್ಯಗ್ನೆಸ್‌ಗೆ ಎಲ್ಲವನ್ನೂ ತಿಳಿಸಿದಳು. ಜಾಮೀನು ಸಿಕ್ಕಿದೆ, ವಯಸ್ಸು ನೋಡಿ ನ್ಯಾಯಾಲಯ ಜೈಲಿಗೆ ಕಳಿಸಲಿಕ್ಕಿಲ್ಲ, ಆದರೆ ಆ ಹೆಸರನ್ನು ಇನ್ನು ಬಳಸುವಂತಿಲ್ಲ. ಆ್ಯಗ್ನೆಸ್ ಕೇಳಿಸಿಕೊಂಡು, ಎದ್ದು ಹೋಗಿ ಪೂರ್ವದ ಸೂಜಿಯನ್ನು ಕಿತ್ತಳು. ಅಂಗೈಯಲ್ಲಿ ಇಟ್ಟುಕೊಂಡು ನಿಂತಳು. ನಕ್ಷೆಯಲ್ಲಿ ಒಂದೇ ಉಳಿಯಿತು.

"ಒಬ್ಬಳೇ ಅಂತಾಯ್ತು" ಎಂದಳು. ಹಿತ್ತಲಲ್ಲಿ ಮುದಿಕುರಿ ಕೆಮ್ಮಿತು.

ಜೂಡಿತ್ ಚಹಾ ಲೋಟಗಳನ್ನು ತೊಳೆದಿಟ್ಟು ಕೋಟು ಹಾಕಿಕೊಂಡಳು. ಬಾಗಿಲವರೆಗೆ ಬಂದ ಆ್ಯಗ್ನೆಸ್ ಕೇಳಿದಳು.

"ಅವನ ನಿಜವಾದ ಹೆಸರು ಏನಂದೆ?"

"ಪಾರ್ಸೆಲ್. ಪೀಟರ್ ಪಾರ್ಸೆಲ್."

"ಹಾಗಂತ ಹೆಸರಿರೋರು ದೇಶದಲ್ಲಿ ಇನ್ನು ಯಾರಿದ್ದಾರೆ?"

"ಅವನ ಕಡೆಯವರು ಅಂತ ಯಾರೂ ಇಲ್ಲ."

ಆ್ಯಗ್ನೆಸ್ ತಿರುಗಿ ಒಳಗೆ ಹೋದಳು. ಆಮೇಲೆ ಹೆಣಿಗೆಯ ಬುಟ್ಟಿಯಿಂದ ನೀಲಿ ಉಣ್ಣೆಯ ಒಂದೆಳೆ ಕಿತ್ತು, ಕನ್ನಡಕ ಹುಡುಕಿ, ಸೂಜಿಯ ತಲೆಗೆ ಸುತ್ತಿದಳು. ತಮ್ಮದರ ಜೊತೆ ಬೆರೆಯಬಾರದೆಂದು ಬೇರೆ ಬಣ್ಣ. ಅದನ್ನು ಪೂರ್ವದ ಅಂಚಿನ ಅದೇ ತೂತಿಗೆ ಚುಚ್ಚಿದಳು.

"ಕುರಿ ಗುರುತು ಹಿಡಿದವನಿಗೆ ಒಂದು ಲೋಟ ಕುಡಿಸೋದು ಬಾಕಿ ಇದೆ" ಎಂದಳು. "ಸಿಕ್ಕಿದರೆ ಹೇಳು ಮಗಳೇ. ಪೀಟರ್‌ಗೆ ಅಂತ ಹೇಳು."